ಪವರ್ ಕಂಡಿಷನರ್ ಕೇಳಿದರೆ ಪ್ರವಚನ ಕೊಡ್ತಾರೆ

ಕಲಬುರಗಿಯಲ್ಲಿ ಕೂತು ನೆಟ್ಟಗೆ ಒಂದು ಹಾಡು ಕೇಳಬೇಕು ಅಂದರೆ ಮೊದಲು ಕರೆಂಟಿನ ಜೊತೆ ಗುದ್ದಾಡಬೇಕು. ಆಮೇಲೆ ಕರೆಂಟ್ ಸರಿ ಮಾಡ್ತೀವಿ ಅಂತ ಪವರ್ ಕಂಡಿಷನರ್ ಅನ್ನೋ ಡಬ್ಬಿ ಮಾರುವವರ ಜೊತೆ ಗುದ್ದಾಡಬೇಕು. ಕರೆಂಟಿನ ಕಾಟ ಹೇಗೋ ರೂಢಿಯಾಗಿದೆ. ಈ ಡಬ್ಬಿಯವರ ಕಾಟ ಮಾತ್ರ ತಡೆಯೋಕೆ ಆಗ್ತಿಲ್ಲ.

ನನ್ನದೇನು ಲಕ್ಷಗಟ್ಟಲೆ ಸಾಮಾನಲ್ಲ. ಒಂದು ಕ್ಲಾಸ್ ಎಬಿ ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್, ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಒಗ್ಗುವ ಹಾಗೆ ಮಾಡುವ ಒಂದು ಡ್ಯಾಕ್, ಅಪ್ಪನ ಕಾಲದ ಎಲ್‌ಪಿಗಳಿಗಾಗಿ ಒಂದು ಟರ್ನ್‌ಟೇಬಲ್. ಇಷ್ಟೇ. ಆದರೆ ಬೇಸಿಗೆಯಲ್ಲಿ ಸಂಜೆ ಏಳು ದಾಟಿತು ಅಂದರೆ ಪ್ಲಗ್‌ಗೆ ಸಿಕ್ಕಿಸುವ ವೋಲ್ಟ್‌ಮೀಟರ್ 175, 180 ತೋರಿಸುತ್ತೆ. ಹಗಲೆಲ್ಲಾ 42 ಡಿಗ್ರಿ ಕಾದ ಗೋಡೆಗಳು, ಓಣಿಯ ಅಷ್ಟೂ ಮನೆಗಳ ಕೂಲರ್, ಎಸಿ ಒಟ್ಟಿಗೇ ಶುರು. ನಡುವೆ ಯಾರಾದರೂ ಬೋರ್ ಮೋಟಾರ್ ಹಾಕಿದರೆ ನಮ್ಮ ಮನೆ ಬಲ್ಬ್ ಡಿಮ್ ಹೊಡೆಯುತ್ತೆ. ಅದೇ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ 255. ಬರಬೇಕಾದ್ದು 230.

ಇದಕ್ಕೆ ಒಂದು ಪರಿಹಾರ ಬೇಕು ಅಂತ ಹೋದವನು ನಾನು. ಸೌಂಡ್ ಚೆನ್ನಾಗಿಲ್ಲ ಅಂತ ಹೋದವನಲ್ಲ. ಈ ವ್ಯತ್ಯಾಸ ಯಾರ ತಲೆಗೂ ಹೋಗಲಿಲ್ಲ.

ಹೈದರಾಬಾದಿನ ಡೀಲರ್ ಒಬ್ಬರಿಗೆ ಫೋನ್ ಮಾಡಿದೆ. ಆಡಿಯೋ ಸಾಮಾನು ಅಂದರೆ ನಮ್ಮ ಕಡೆಯವರು ಇನ್ನೆಲ್ಲಿಗೆ ಹೋಗಬೇಕು, ಅಲ್ವಾ? ವೋಲ್ಟೇಜ್ 175ಕ್ಕೆ ಇಳಿಯುತ್ತೆ, ಏನು ಮಾಡಲಿ ಅಂದೆ. ಅವರು ಅರ್ಧ ಗಂಟೆ ಪ್ರವಚನ ಕೊಟ್ಟರು. ಕರೆಂಟಿನಲ್ಲಿ ಹೊಲಸು ಇರುತ್ತಂತೆ. ಅದನ್ನು ತೊಳೆದು ಕೊಡುವ ಡಬ್ಬಿ ಇದೆಯಂತೆ. ಬೆಲೆ ನಲವತ್ತು ಸಾವಿರದ ಮೇಲೆ. "ಭಾಯ್ ಸಾಬ್, ಸೌಂಡ್ ಏಕ್‌ದಮ್ ಖುಲ್ ಜಾಯೇಗಾ" ಅಂದರು. ಆಯ್ತು, ಒಳಗೆ 180 ವೋಲ್ಟ್ ಕೊಟ್ಟರೆ ಹೊರಗೆ ಎಷ್ಟು ಬರುತ್ತೆ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮತ್ತೆ ಸೌಂಡ್ ಸ್ಟೇಜ್, ಬ್ಲ್ಯಾಕ್ ಬ್ಯಾಕ್‌ಗ್ರೌಂಡ್, ಏರ್, ಏನೇನೋ.

ಉತ್ತರ ನಾನೇ ಹೇಳ್ತೀನಿ ಕೇಳಿ. 180 ಕೊಟ್ಟರೆ 180 ಬರುತ್ತೆ. ಪವರ್ ಕಂಡಿಷನರ್ ಅಂತ ಮಾರುವ ಡಬ್ಬಿಗಳಲ್ಲಿ ಬಹಳಷ್ಟು ವೋಲ್ಟೇಜನ್ನು ಮುಟ್ಟುವುದೇ ಇಲ್ಲ. ಅವು ಮಾಡುವುದು ಎರಡೇ ಕೆಲಸ. ಲೈನಿನಲ್ಲಿ ಬರುವ ಹೈ ಫ್ರೀಕ್ವೆನ್ಸಿ ಗಲಾಟೆಯನ್ನು ಕಾಯಿಲ್, ಕೆಪಾಸಿಟರ್ ಹಾಕಿ ಕಡಿಮೆ ಮಾಡೋದು. ಕ್ಷಣಮಾತ್ರ ಬಂದು ಹೋಗುವ ಸರ್ಜ್ ಅನ್ನು, ಅಂದರೆ ವೋಲ್ಟೇಜಿನ ಏಟನ್ನು, ಎಂಒವಿ ಅನ್ನೋ ಸಣ್ಣ ಬಿಡಿಭಾಗ ಹಾಕಿ ತಡೆಯೋದು. ಒಳ್ಳೆ ಕೆಲಸವೇ, ಇಲ್ಲ ಅನ್ನಲ್ಲ. ಆದರೆ ನಲ್ಲಿಗೆ ಬಟ್ಟೆ ಕಟ್ಟಿದರೆ ಕಸ ನಿಲ್ಲುತ್ತೆ, ನೀರಿನ ಫೋರ್ಸ್ ಜಾಸ್ತಿ ಆಗುತ್ತಾ? ಡಬ್ಬಿಯ ಮುಖದ ಮೇಲೆ ನೀಲಿ ಅಕ್ಷರದ ಮೀಟರ್ ಬೇರೆ. ವೋಲ್ಟೇಜ್ ಎಷ್ಟು ಬಿದ್ದಿದೆ ಅಂತ ಚೆಂದವಾಗಿ ತೋರಿಸುತ್ತೆ. ನೋಡಿಕೊಂಡು ಕೂರಬೇಕು.

ಟಿವಿ ರಿಪೇರಿ ಮಾಡುವ ನನ್ನ ಗೆಳೆಯನ ಅಂಗಡಿಗೆ ಇಂಥದ್ದೇ ಒಂದು ಡಬ್ಬಿ ಬಂದಿತ್ತು. ಬೆರಳಷ್ಟು ದಪ್ಪದ ಅಲ್ಯೂಮಿನಿಯಂ ಮುಖ, ಮಣಭಾರ. ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆಲ್ಲಾ ಖಾಲಿ ಖಾಲಿ. ಒಂದು ಸಣ್ಣ ಬೋರ್ಡು. ಅದರ ಮೇಲೆ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್, ಚೌಕದ ಕೆಪಾಸಿಟರ್ ಒಂದೆರಡು, ಮತ್ತೆ ನೀಲಿ ಬಿಲ್ಲೆಯಂಥ ಎಂಒವಿಗಳು. ಒಂದು ಎಂಒವಿ ನಡುವೆ ಸೀಳಿ ಕರ್ರಗಾಗಿತ್ತು. ಅದರ ಸುತ್ತ ಬೋರ್ಡೂ ಸುಟ್ಟಿತ್ತು, ಮುಚ್ಚಳ ತೆಗೆದ ಕೂಡಲೇ ಕಮಟು ವಾಸನೆ. ಡಬ್ಬಿ ತಂದವರ ಓಣಿಯಲ್ಲಿ ಗಾಳಿಗೆ ಕಂಬದ ಮೇಲೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಬಿಟ್ಟುಹೋಗಿತ್ತಂತೆ.

ನ್ಯೂಟ್ರಲ್ ಹೋಯಿತು ಅಂದರೆ ಏನು ಗೊತ್ತಲ್ವಾ? ಮೂರು ಫೇಸ್ ಲೈನಿನಲ್ಲಿ, ಅಂದರೆ ಕರೆಂಟ್ ತರುವ ತಂತಿ ಮೂರಿರುವ ಲೈನಿನಲ್ಲಿ, ಫೇಸಿನಿಂದ ಫೇಸಿಗೆ 400 ವೋಲ್ಟ್ ಇರುತ್ತೆ. ನ್ಯೂಟ್ರಲ್ ಗಟ್ಟಿಯಾಗಿದ್ದರೆ ಮನೆಗೆ 230 ಬರುತ್ತೆ. ಅದು ಕಿತ್ತುಹೋದರೆ ಲೋಡ್ ಜಾಸ್ತಿ ಇರುವ ಫೇಸಿನವರಿಗೆ ನೂರೋ ನೂರೈವತ್ತೋ ಸಿಗುತ್ತೆ, ಲೋಡ್ ಕಡಿಮೆ ಇರುವವರ ಮನೆಗೆ 300 ದಾಟಿ ನುಗ್ಗುತ್ತೆ. ಫ್ಯಾನು ಹುಚ್ಚು ಹಿಡಿದ ಹಾಗೆ ತಿರುಗುತ್ತೆ, ಸೆಟ್‌ಟಾಪ್ ಬಾಕ್ಸುಗಳು ಸಾಲಾಗಿ ಸಾಯುತ್ತವೆ. ಮಳೆಗಾಲಕ್ಕೆ ಮುಂಚೆ ಎದ್ದು ಬರುವ ಆ ಧೂಳಿನ ಗಾಳಿಯಲ್ಲಿ ಇದು ನಮಗೇನು ಹೊಸದಲ್ಲ. ಎಂಒವಿ ಇರೋದು ಮೈಕ್ರೋಸೆಕೆಂಡಿನ ಏಟು ತಿನ್ನೋಕೆ. ನಿಮಿಷಗಟ್ಟಲೆ 350 ವೋಲ್ಟ್ ನಿಂತರೆ ಅದು ಕಾದು ಸಿಡಿಯುತ್ತೆ, ಅಷ್ಟೆ.

ಅದಕ್ಕೆ ಬೇಕಾದ ಸಾಮಾನು ಬೇರೆ ಇದೆ. ಓವರ್ ವೋಲ್ಟೇಜ್, ಅಂಡರ್ ವೋಲ್ಟೇಜ್ ಕಟ್ ಆಫ್ ಅಂತ. ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಸ್ವಿಚ್ಚಿನ ಪಕ್ಕದಲ್ಲೇ ಕೂರುತ್ತೆ. 270 ದಾಟಿದರೆ, 170ಕ್ಕಿಂತ ಇಳಿದರೆ ಲೈನ್ ಕಟ್ ಮಾಡಿ, ಸರಿಯಾದ ಮೇಲೆ ಸ್ವಲ್ಪ ಹೊತ್ತು ಕಾದು ಮತ್ತೆ ಕೊಡುತ್ತೆ. ಕಂಡಿಷನರ್ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಇದನ್ನು ಒಬ್ಬ ಆಡಿಯೋ ಡೀಲರ್ ಬಾಯಿಂದ ನಾನು ಕೇಳಿಲ್ಲ. ಯಾಕೆ ಹೇಳ್ತಾರೆ, ಅದರಲ್ಲಿ ಅವರಿಗೆ ಏನು ಗಿಟ್ಟುತ್ತೆ?

ಸೂಪರ್ ಮಾರ್ಕೆಟ್ ಕಡೆ ಸ್ಟೆಬಿಲೈಜರ್ ಅಂಗಡಿಗೂ ಹೋದೆ. ವೋಲ್ಟೇಜ್ ಎತ್ತೋದು ಇಳಿಸೋದು ಇವರ ಕಸುಬೇ ಅಲ್ವಾ ಅಂತ. ನಾನು ಬಾಯಿ ತೆಗೆಯುವ ಮುಂಚೆಯೇ, "ಎಷ್ಟು ಟನ್ ಎಸಿ ಅದರಿ ಸರ?" ಅಂದ. ಎಸಿಗಲ್ಲ, ಆಂಪ್ಲಿಫೈಯರ್‌ಗೆ ಅಂದೆ. ಹಾಡು ಕೇಳೋದು ಅಂತ ಬಿಡಿಸಿ ಹೇಳಿದೆ. "ಟೇಪಿಗೇನ್ರಿ? ಟೇಪಿಗ್ಯಾಕ ಬೇಕ್ರಿ ಸ್ಟೆಬಿಲೈಜರು? ಭಾಳ ಶೋಕಿ ಅದ ನಿಮಗ" ಅಂತ ನಕ್ಕ. ಅಂಗಡಿಯ ಹುಡುಗನೂ ನಕ್ಕ. ಮೈ ಉರಿದುಹೋಯಿತು.

ಅವನ ಹತ್ತಿರ ಇದ್ದದ್ದು ರಿಲೇ ಸ್ಟೆಬಿಲೈಜರ್. ವೋಲ್ಟೇಜ್ ಇಳಿದಾಗ ಟಕ್, ಏರಿದಾಗ ಟಕ್. ನಮ್ಮ ಓಣಿಯ ಸಂಜೆಗೆ ಅದು ತಾಳ ಹಾಕ್ತಾ ಕೂರುತ್ತೆ. ಒಂದೊಂದು ಟಕ್ಕಿಗೂ ಕರೆಂಟ್ ಒಂದು ಚೂರು ಮುರಿದು ಕೂಡುತ್ತೆ. ಕೂಲರ್‌ಗೆ ನಡೆಯುತ್ತೆ, ಎಲ್‌ಪಿ ತಿರುಗುವಾಗ ನಡೆಯಲ್ಲ. ಸರ್ವೋ ಬೇಕು ಅಂದೆ. ಒಳಗೆ ಮೋಟಾರ್ ಇದ್ದು, ಕಾರ್ಬನ್ ಬ್ರಷ್ಷನ್ನು ಸುರುಳಿಯ ಮೇಲೆ ಜಾರಿಸಿ ವೋಲ್ಟೇಜನ್ನು 230ರ ಹತ್ತಿರವೇ ನಿಲ್ಲಿಸುತ್ತಲ್ಲ, ಅದು. "ಅದು ಪ್ರೆಸ್ಸಿನವರು, ದವಾಖಾನಿಯವರು ಒಯ್ಯತಾರ್ರಿ. ಆರ್ಡರ್ ಕೊಡಬೇಕು" ಅಂದ. ಸರಿ, ಒಂದು ಕೆವಿಎದ್ದು (ಎಷ್ಟು ಲೋಡ್ ಹೊರುತ್ತೆ ಅನ್ನೋ ಅಳತೆ ಅದು) ಸಾಕು ಅಂದರೆ, ಅಷ್ಟು ಸಣ್ಣದು ಮಾಡಂಗಿಲ್ಲ, ಐದು ಕೆವಿಎ ತಗೊಳ್ರಿ ಅಂತ ಕೂತ. ಐದು ಕೆವಿಎ! ಪೂರಾ ಮನೆ ನಡೆಯುತ್ತೆ ಅದರಲ್ಲಿ.

ಇನ್ನು ಇನ್ವರ್ಟರ್ ಅಂಗಡಿಯವರದ್ದು ಬೇರೆಯೇ ಪುರಾಣ. ಲೈನಿನ ಕರೆಂಟಿನ ಹಾಗೇ ನುಣುಪಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದೆಯಲ್ಲಾ, ಇನ್ನೇನು ಬೇಕು ಅಂತಾರೆ. ಕರೆಂಟ್ ಇರುವಷ್ಟು ಹೊತ್ತು ಅದು ಲೈನಿನ ಕರೆಂಟನ್ನೇ ದಾಟಿಸುತ್ತೆ ಸ್ವಾಮಿ. ಸೈನ್ ವೇವ್ ಮಾಡೋದು ಬ್ಯಾಟರಿಗೆ ಬಂದ ಮೇಲೆ. ಚೌಕಾಕಾರದ ಅಲೆ ಕೊಡುವ ಸ್ಕ್ವೇರ್ ವೇವ್ ಆದರಂತೂ ಬ್ಯಾಟರಿಗೆ ಬಂದ ಕೂಡಲೇ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರೇ ಗುಂಯ್‌ಗುಡೋಕೆ ಶುರು. ನಿಜವಾಗಿ ಲೈನಿನ ಕರೆಂಟನ್ನು ಡಿಸಿ ಮಾಡಿ ಮತ್ತೆ ಹೊಸದಾಗಿ ಎಸಿ ಮಾಡಿಕೊಡೋದು ಆನ್‌ಲೈನ್ ಯುಪಿಎಸ್. ವೋಲ್ಟೇಜ್ ಏನೇ ಕುಣಿದರೂ ಹೊರಗೆ 230, 50 ಹರ್ಟ್ಸ್. ಆದರೆ ಅದರ ಫ್ಯಾನ್ ಸದ್ದು ಕೇಳಿದ್ದೀರಾ? ಅದನ್ನು ಪಕ್ಕದ ಕೋಣೆಯಲ್ಲಿಟ್ಟು ವೈರ್ ಎಳೆಯಬೇಕು. ನನಗೆ ಕೇಳಿದರೆ ನಮ್ಮ ಊರಿಗೆ ಸರಿಯಾದದ್ದು ಇದು, ಇಲ್ಲಾ ಸಣ್ಣ ಸರ್ವೋ. ಅದರಲ್ಲೂ ಆಂಪ್ಲಿಫೈಯರ್ ಜೋರಾಗಿ ನುಡಿದಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಸಾಲುವಷ್ಟು ದೊಡ್ಡದು ಬೇಕು. ಕೈ ಬಿಗಿಹಿಡಿದು ಸಣ್ಣದು ತಂದರೆ ತಬಲಾದ ಏಟೇ ಸತ್ತುಹೋಗುತ್ತೆ.

ಮಾವನ ಮಗ ಅಮೆರಿಕದಿಂದ ಬರ್ತಾ ಒಂದು ಕಂಡಿಷನರ್ ತರ್ತೀನಿ ಅಂದ. ಪುಣ್ಯಾತ್ಮ, ಅಲ್ಲಿ 120 ವೋಲ್ಟ್. ಅದಕ್ಕೆ ಇಲ್ಲಿನ 230 ಕೊಟ್ಟರೆ ಹಾಕಿದ ಕ್ಷಣವೇ ಪಟಾಕಿ. ಬೇಡಪ್ಪಾ, ಬಾದಾಮಿ ತಗೊಂಡು ಬಾ ಸಾಕು ಅಂದೆ.

ಇಷ್ಟೂ ಜನರಲ್ಲಿ ಒಬ್ಬರಾದರೂ "ನಿಮ್ಮ ಮನೆಯಲ್ಲಿ ಅರ್ಥಿಂಗ್ ಇದೆಯಾ?" ಅಂತ ಕೇಳಲಿಲ್ಲ ನೋಡಿ. ನನಗೆ ಹೊಟ್ಟೆ ಉರಿಯೋದು ಇಲ್ಲೇ. ಕಂಡಿಷನರಿನ ಅರ್ಧ ಕೆಲಸ ನಿಂತಿರೋದೇ ಅರ್ಥ್, ಅಂದರೆ ನೆಲಕ್ಕೆ ಇಳಿಸಿದ ತಂತಿಯ ಮೇಲೆ. ಅದರೊಳಗಿನ ಫಿಲ್ಟರ್ ಗಲಾಟೆಯನ್ನು ಅರ್ಥ್‌ಗೆ ಇಳಿಸಬೇಕು. ಅರ್ಥ್ ಇಲ್ಲದಿದ್ದರೆ ಅದೇ ಕೆಪಾಸಿಟರುಗಳು ಡಬ್ಬಿಯ ಮೈಯನ್ನು ಸುಮಾರು 115 ವೋಲ್ಟಿನಲ್ಲಿ ತೇಲಿಸಿಬಿಡುತ್ತವೆ. ಅದಕ್ಕೆ ಚುಚ್ಚಿದ ಆಂಪ್ಲಿಫೈಯರ್, ಟರ್ನ್‌ಟೇಬಲ್ ಎಲ್ಲದರ ಮೈಗೂ ಅದೇ. ಒದ್ದೆ ಕೈಯಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ. ನಲವತ್ತು ಸಾವಿರ ಕೊಟ್ಟು ಜುಮ್ ತಂದುಕೊಳ್ಳಬೇಕಾ?

ನಮ್ಮ ಬಾಡಿಗೆ ಮನೆಯ ಸ್ವಿಚ್ ಬೋರ್ಡ್ ಬಿಚ್ಚಿಸಿದೆ. ಸಾಕೆಟ್ಟಿಗೆ ಮೂರು ತೂತು ಇದೆ, ಎಲ್ಲರ ಮನೆ ಹಾಗೆ. ಮೇಲಿನ ದೊಡ್ಡ ತೂತಿಗೆ ಹೋಗಬೇಕಾದ ಹಸಿರು ವೈರ್ ಒಳಗೆ ಸುರುಳಿ ಸುತ್ತಿಕೊಂಡು, ತುದಿಗೆ ಟೇಪ್ ಹಚ್ಚಿಸಿಕೊಂಡು ಮಲಗಿತ್ತು. ಹಿಂದೆ ಹುಡುಕುತ್ತಾ ಹೋದರೆ ಮೀಟರ್ ಹತ್ತಿರವೂ ಯಾವುದಕ್ಕೂ ಸೇರಿಲ್ಲ. ಅರ್ಥ್ ಗುಂಡಿಯೇ ತೋಡಿಲ್ಲ ಅಂದಮೇಲೆ ಎಲ್ಲಿಗೆ ಸೇರಿಸ್ತಾರೆ? ಎಲೆಕ್ಟ್ರಿಷಿಯನ್ ಹುಡುಗ ಬಹಳ ಸಲೀಸಾಗಿ, "ಕಾಕಾ, ನ್ಯೂಟ್ರಲ್‌ದಿಂದ ಅರ್ಥಿಗೆ ಒಂದು ಜಂಪರ್ ವೈರ್ ಹೊಡೆದುಬಿಡ್ತೀನ್ರಿ, ಏನೂ ಆಗಂಗಿಲ್ಲ" ಅಂದ. ಏನೂ ಆಗಂಗಿಲ್ಲ! ನಾಳೆ ಎಲ್ಲೋ ನ್ಯೂಟ್ರಲ್ ಕಿತ್ತರೆ ಆಂಪ್ಲಿಫೈಯರಿನ ಮೈ ತುಂಬಾ ಪೂರ್ತಿ 230. ವಾಲ್ಯೂಮ್ ತಿರುವೋಕೆ ಕೈಹಾಕಿದವರ ಗತಿ? ಎಷ್ಟು ಮನೆಗಳಲ್ಲಿ ಈ ಜಂಪರ್ ಹೊಡೆದಿದ್ದಾನೋ ಆ ದೇವರಿಗೇ ಗೊತ್ತು. ಬೈದು ಕಳಿಸಿದೆ.

ಸ್ಪೀಕರಿನಲ್ಲಿ ಬರುವ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ಅದರ ವಿಷಯಕ್ಕೂ ಇವರದ್ದು ಇದೇ ಉಡಾಫೆ. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದರೆ ತಂಬೂರಿಯ ಪಕ್ಕದಲ್ಲೇ "ಹೂಂ" ಅಂತ 50 ಹರ್ಟ್ಸ್ ನಿಂತಿರುತ್ತೆ. ಗಾಯಕರ ಷಡ್ಜ ಯಾವುದೇ ಇರಲಿ, ಇದಂತೂ ತನ್ನ ಶ್ರುತಿ ಬಿಡಲ್ಲ. ಡೀಲರ್ ಪ್ರಕಾರ ಇದಕ್ಕೂ ಕಂಡಿಷನರೇ ಮದ್ದು. ಟಿವಿಯ ಕೇಬಲ್ ಕಿತ್ತಿಟ್ಟೆ, ಹಮ್ ಮುಕ್ಕಾಲು ಪಾಲು ಹೋಯಿತು. ಗ್ರೌಂಡ್ ಲೂಪ್, ಅಂದರೆ ಸಾಮಾನುಗಳ ಗ್ರೌಂಡ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿ ಸುತ್ತು ಹೊಡೆಯೋದು. ಇನ್ನೊಂದು, ನಡುಮನೆಯ ಫ್ಯಾನ್ ಎರಡರಲ್ಲಿಟ್ಟರೆ ಸ್ಪೀಕರಿನಲ್ಲಿ "ಜರ್ರ್" ಅನ್ನುತ್ತಿತ್ತು. ತಿರುಗಿಸುವ ಹಳೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುತ್ತೆ, ಅದರ ಗಲಾಟೆ. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದೆ, ಕೆಲವೇ ನೂರು ರೂಪಾಯಿ, ಜರ್ರ್ ಮಾಯ. ಮದ್ದು ಮಾರುವ ಮುಂಚೆ ನಾಡಿ ಹಿಡಿದು ನೋಡಬೇಕು ಅಂತ ಇವರಿಗೆ ಯಾರೂ ಹೇಳಿಕೊಟ್ಟಿಲ್ಲವಾ?

ಮತ್ತೆ ಆ ಪವರ್ ಕಾರ್ಡ್, ಪ್ಲಗ್ಗಿನಿಂದ ಸಾಮಾನಿಗೆ ಬರುವ ವೈರ್! ಕಂಬದಿಂದ ಮನೆತನಕ ತುಕ್ಕು ಹಿಡಿದ ಜಾಯಿಂಟು, ಅಲ್ಯೂಮಿನಿಯಂ ತಂತಿ. ಕೊನೆಯ ಒಂದೂವರೆ ಮೀಟರಿಗೆ ಬೆಳ್ಳಿ ಲೇಪದ ವೈರ್ ಹಾಕಿ ಅಂತಾರೆ. ಇದರ ಬಗ್ಗೆ ಮಾತಾಡೋದೇ ದಂಡ.

ಈಗ ಕಟ್ ಆಫ್ ಹಾಕಿಸಿದ್ದೇನೆ. ಸಣ್ಣ ಸರ್ವೋ ಸೋಲಾಪುರದಲ್ಲಿ ವಿಚಾರಿಸುತ್ತಿದ್ದೇನೆ. ಉಳಿದಿರೋದು ಅರ್ಥ್ ಗುಂಡಿ. ಮನೆ ಮಾಲೀಕರನ್ನು ಕೇಳಿದರೆ, "ಇಷ್ಟು ವರ್ಷ ಯಾರೂ ಕೇಳಿಲ್ರಿ, ನಿಮಗೊಬ್ಬರಿಗೇ ಯಾಕ ಬೇಕು?" ಅಂತಾರೆ. ಅಂಗಳದ ತುಂಬಾ ಶಹಾಬಾದ್ ಪರಶಿ ಹಾಸಿದ್ದಾರೆ, ಅದನ್ನು ಕೀಳಬೇಕಲ್ಲ ಅಂತ ಅವರ ಸಂಕಟ. ಒಂದೇ ಒಂದು ಪರಶಿ ಸಾಕ್ರಿ, ಪೈಪು, ಇದ್ದಿಲು, ಉಪ್ಪು, ಕೂಲಿ ಎಲ್ಲಾ ನನ್ನದೇ ಖರ್ಚು ಅಂದೆ. ನಮ್ಮ ಕರಿ ನೆಲ ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಗುಂಡಿಗೆ ನೀರು ಹಾಕೋದೂ ನನ್ನ ಪಾಲಿಗೇ ಇರಲಿ ಅಂದೆ. ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಡೀಲರ್ ಹೇಳಿದ ರೇಟಿನಲ್ಲಿ ಅವರ ಅಂಗಳ ಪೂರ್ತಿ ಕಿತ್ತು ಹೊಸ ಪರಶಿ ಹಾಸಿಕೊಡಬಹುದಿತ್ತು. ಭಾನುವಾರ ಗೌಂಡಿಯನ್ನು ಕರಕೊಂಡೇ ಅವರ ಮನೆಗೆ ಹೋಗ್ತೀನಿ.