ಮನೇಲಿ ಸರಿಯಾಗೇ ಇತ್ತು ಸರ್

ವಿದ್ಯಾರ್ಥಿಗಳು ಹೇಳುವ ಮಾತುಗಳಲ್ಲಿ ಯಾರೂ ನಂಬದ ನಿಜ ಒಂದಿದೆ. ‘ಮನೇಲಿ ಸರಿಯಾಗೇ ಇತ್ತು ಸರ್.’ ನಾನು ನಂಬುತ್ತೇನೆ. ಯಾಕಂದರೆ ನಾನೂ ಒಮ್ಮೆ ತಲೆ ತಗ್ಗಿಸಿಕೊಂಡು ಇದನ್ನೇ ಹೇಳಿದವನು.

ಪ್ರಾಜೆಕ್ಟ್ ವರದಿ ಕೊಡುವ ದಿನ. ದುಡ್ಡು ಕೊಟ್ಟು ವರ್ಡ್ ಕೊಳ್ಳುವ ಸ್ಥಿತಿ ಇರಲಿಲ್ಲ, ಹಾಗಾಗಿ ರಾತ್ರಿಯೆಲ್ಲ ಕೂತು ಪುಕ್ಕಟೆ ಸಿಗುವ ಲಿಬ್ರೆಆಫೀಸ್‌ನಲ್ಲಿ ಟೈಪ್ ಮಾಡಿದ್ದೆ. ಮುಖಪುಟದ ಮೇಲೆ ನನಗೆ ವಿಪರೀತ ಪ್ರೀತಿ. ಸುತ್ತ ಜೋಡಿಗೆರೆಯ ಚೌಕಟ್ಟು, ನಡುವೆ ಶೀರ್ಷಿಕೆ, ಕೆಳಗೆ ಬಲಕ್ಕೆ ನನ್ನ ಹೆಸರು. ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದರೆ ಮುಖಪುಟದಲ್ಲಿ ಹೆಸರೇ ಇಲ್ಲ! ಎರಡನೇ ಪುಟದ ನೆತ್ತಿಯಲ್ಲಿ ಒಂಟಿಯಾಗಿ ನಿಂತಿತ್ತು, ಕ್ಲಾಸಿನಿಂದ ಹೊರಗೆ ಹಾಕಿಸಿಕೊಂಡ ಹುಡುಗನ ಹಾಗೆ.

‘ಬಿಟ್ಟಿ ಸಿಕ್ಕಿದ್ದು ಅಲ್ವಾ, ಇಷ್ಟೇ’ ಎಂದ ಗೆಳೆಯ. ನನಗೂ ಹಾಗೇ ಅನ್ನಿಸಿತು. ತಪ್ಪು ಹೊರಿಸಲು ಯಾರೋ ಸಿಕ್ಕರೆ ಬೇಡ ಅನ್ನುವವರು ಯಾರು?

ಫೈಲ್ ಅಂದರೆ ಪುಟದ ಫೋಟೋ ಅಂತ ನಾವು ಅಂದುಕೊಂಡಿರುತ್ತೇವೆ. ಅಲ್ಲ. ಬೇಕಾದರೆ ಒಂದು ಡಾಕ್ಸ್ (docx) ಫೈಲಿನ, ಅಂದರೆ ವರ್ಡ್ ಫೈಲಿನ, ಪ್ರತಿ ಮಾಡಿಕೊಂಡು, ಅದರ ಹೆಸರಿನ ಬಾಲದಲ್ಲಿರುವ ‘ಡಾಕ್ಸ್’ ಅಳಿಸಿ ‘ಜಿಪ್’ ಅಂತ ಬರೆದು ಬಿಚ್ಚಿ ನೋಡಿ. ಒಳಗೆ ಒಂದು ಗಂಟು. ಚಿತ್ರಗಳು ಒಂದು ಕಡೆ, ಮಾತೆಲ್ಲ ಒಂದು ಕಡೆ, ಯಾವ ಮಾತು ಹೇಗೆ ಕಾಣಬೇಕು ಅನ್ನುವ ಅಪ್ಪಣೆಗಳು ಇನ್ನೊಂದು ಕಡೆ. ಲಿಬ್ರೆಆಫೀಸಿನ ಸ್ವಂತ ಫೈಲಾದ ಒಡಿಟಿಯೂ ಇಂಥದೇ ಗಂಟು, ಕಟ್ಟಿರುವ ರೀತಿ ಬೇರೆ. ಎರಡರಲ್ಲೂ ಸಾಮಾನ್ಯವಾಗಿ ಇಲ್ಲದ ವಸ್ತು ಅಂದರೆ ಫಾಂಟ್, ಅಂದರೆ ಅಕ್ಷರಗಳ ಅಚ್ಚು. ಅದರ ಹೆಸರು ಮಾತ್ರ ಇರುತ್ತದೆ. ‘ರಾಜನ ಪಾತ್ರಕ್ಕೆ ಇಂಥವರು’ ಅಂತ ಚೀಟಿ ಬರೆದಿಟ್ಟ ಹಾಗೆ. ಆ ನಟ ಆ ಊರಲ್ಲಿ ಇಲ್ಲದಿದ್ದರೆ ಕಂಪ್ಯೂಟರ್ ಸಿಕ್ಕಿದವನಿಗೆ ಬಣ್ಣ ಹಚ್ಚಿ ರಂಗಕ್ಕೆ ನೂಕುತ್ತದೆ. ಅವನು ಸ್ವಲ್ಪ ದಪ್ಪಗಿದ್ದರೆ ಸಾಲು ಮುರಿಯುತ್ತದೆ, ಸಾಲು ಮುರಿದರೆ ಪುಟ ಜಾರುತ್ತದೆ.

ಈ ತೊಂದರೆಗೆ ಯಾರೋ ಜಾಣರು ಡ್ಯೂಪ್‌ಗಳನ್ನೂ ತಯಾರಿಸಿದ್ದಾರೆ. ಕ್ಯಾಲಿಬ್ರಿಗೆ ಕಾರ್ಲಿಟೋ, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಷನ್ ಸೆರಿಫ್. ಮುಖ ಬೇರೆ, ಆದರೆ ಒಂದೊಂದು ಅಕ್ಷರದ ಅಗಲವೂ ಅಸಲಿಯದೇ. ಸಾಲು ಎಲ್ಲಿ ಮುರಿಯಬೇಕೋ ಅಲ್ಲೇ ಮುರಿಯುತ್ತದೆ. ನಾನೋ, ಎಲ್ಲಿಂದಲೋ ಇಳಿಸಿಕೊಂಡ ಬಳುಕುವ ಫಾಂಟೊಂದನ್ನು ಬಳಸಿದ್ದೆ. ಅದಕ್ಕೆ ಡ್ಯೂಪ್ ಎಲ್ಲಿಂದ ತರೋದು?

ಇನ್ನೊಂದು ಪಾಪವನ್ನೂ ಒಪ್ಪಿಕೊಂಡುಬಿಡುತ್ತೇನೆ. ಲಿಬ್ರೆಆಫೀಸಿನಲ್ಲಿ ಕಂಟ್ರೋಲ್ ಹಿಡಿದು ಎಫ್10 ಒತ್ತಿದರೆ ಕಾಣದ್ದೆಲ್ಲ ಕಾಣುತ್ತದೆ. ನನ್ನ ಮುಖಪುಟದಲ್ಲಿ ಒತ್ತಿದೆ. ಶೀರ್ಷಿಕೆಯಿಂದ ಹೆಸರಿನವರೆಗೆ ಹನ್ನೊಂದು ಎಂಟರ್! ಹೆಸರಿನ ಎಡಕ್ಕೆ ಇರುವೆ ಸಾಲಿನ ಹಾಗೆ ಚುಕ್ಕಿಗಳು, ಒಂದೊಂದೂ ನಾನು ಒತ್ತಿದ ಸ್ಪೇಸ್. ಖಾಲಿ ಸಾಲಿಗೂ ಫಾಂಟ್ ಇರುತ್ತದೆ, ಫಾಂಟ್ ಬದಲಾದರೆ ಅದರ ಎತ್ತರವೂ ಬದಲಾಗುತ್ತದೆ ಅಂತ ನನಗೇನು ಗೊತ್ತು? ಹನ್ನೊಂದು ಖಾಲಿ ಸಾಲು ತಲಾ ಒಂದಿಷ್ಟು ಉಬ್ಬಿದವು, ಹೆಸರು ಅಂಚಿನಿಂದ ಆಚೆ ಬಿತ್ತು. ಬಲಕ್ಕೆ ಸರಿಸುವ ಗುಂಡಿ ಕಣ್ಣೆದುರೇ ಇತ್ತು ಅನ್ನುವುದು ಬೇರೆ ಮಾತು.

ಹಾಗಂತ ತಪ್ಪೆಲ್ಲ ನನ್ನದೇ ಅಂತಲೂ ಅಲ್ಲ. ಎಲ್ಲರೂ ಒಂದೇ ಥರ ಬರೆಯಲಿ ಅಂತ 2006ರಲ್ಲಿ ಓಪನ್ ಡಾಕ್ಯುಮೆಂಟ್, ಅಂದರೆ ಒಡಿಟಿಯ ವಂಶ, ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಯಿತು. 2008ರಲ್ಲಿ ಡಾಕ್ಸ್ ವಂಶದವರೂ ಅದೇ ಮುದ್ರೆ ಒತ್ತಿಸಿಕೊಂಡರು. ಜಗಳ ಬಿಡಿಸಲು ಒಂದು ನಿಯಮ ಸಾಕಿತ್ತು, ಎರಡಾಯಿತು! 2010ರಲ್ಲಿ ಓಪನ್‌ಆಫೀಸ್ ಎಂಬ ಇನ್ನೊಂದು ಬಿಟ್ಟಿ ತಂತ್ರಾಂಶದಿಂದ ಕವಲೊಡೆದ ಲಿಬ್ರೆಆಫೀಸ್ ಎರಡೂ ಭಾಷೆ ಮಾತಾಡುತ್ತದೆ. ಡಾಕ್ಸ್ ಆಗಿ ಉಳಿಸಲು ಹೋದರೆ ಮಾತ್ರ ‘ಇದೇ ರೂಪದಲ್ಲಿ ಇಡಲೇ?’ ಅಂತ ಇನ್ನೊಮ್ಮೆ ಕೇಳುತ್ತದೆ. ಸ್ವಲ್ಪ ಮುನಿಸಿಕೊಂಡೇ ಕೇಳುತ್ತದೆ ಅಂತ ನನ್ನ ಅನುಮಾನ.

ಪಿಡಿಎಫ್ ಮಾಡಿ ಕೊಡಬಹುದಿತ್ತಲ್ಲ ಅಂತೀರಾ? ಅದರಲ್ಲಿ ಫಾಂಟೂ ಜೊತೆಗೇ ಹೋಗುತ್ತದೆ, ನಿಜ. ಆದರೆ ಮೇಷ್ಟ್ರಿಗೆ ಕೆಂಪಕ್ಷರದಲ್ಲಿ ತಿದ್ದುವ ಆಸೆ. ‘ವರ್ಡ್ ಫೈಲೇ ಇರಲಿ’ ಅನ್ನುತ್ತಾರೆ.

ಆ ದಿನ ಮಾಡಿದ್ದಿಷ್ಟೇ. ಕಾಲೇಜಿನ ಕಂಪ್ಯೂಟರಿನಲ್ಲೇ ಎರಡು ಎಂಟರ್ ಅಳಿಸಿದೆ. ಹೆಸರು ಮರ್ಯಾದೆಯಾಗಿ ಮೊದಲ ಪುಟಕ್ಕೆ ಬಂದು ಕೂತಿತು. ಪ್ರಿಂಟ್ ತೆಗೆದು ಕೊಟ್ಟು, ಸಂಜೆ ಮನೆಗೆ ಬಂದು ಅದೇ ಫೈಲ್ ತೆರೆದೆ. ಹೆಸರು ಎರಡು ಸಾಲು ಮೇಲಕ್ಕೆ ಹತ್ತಿ, ಕೆಳಗೆ ಬಣಬಣ ಜಾಗ. ‘ಕಾಲೇಜಲ್ಲಿ ಸರಿಯಾಗೇ ಇತ್ತು’ ಅಂತ ಈಗ ಯಾರಿಗೆ ಹೇಳಲಿ?