ರಂಗನತಿಟ್ಟಿಗೊಂದು ಡಿಪಿಆರ್ ಬೇಕು

ಡಿಪಿಆರ್ (ವಿಸ್ತೃತ ಯೋಜನಾ ವರದಿ) ಇಲ್ಲ, ಟೆಂಡರ್ ಇಲ್ಲ, ಗುದ್ದಲಿ ಪೂಜೆಯೂ ಇಲ್ಲ. ಆದರೂ ಮಂಡ್ಯ ಜಿಲ್ಲೆಯಲ್ಲಿ ಒಂದು ಪ್ರವಾಸಿ ತಾಣ ಗೆದ್ದುಬಿಟ್ಟಿದೆ. ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು.

1645ರಿಂದ 1648ರ ನಡುವೆ ಮೈಸೂರು ಅರಸರು ಕಾವೇರಿಗೆ ಒಡ್ಡು ಕಟ್ಟಿಸಿದರು. ಅವರಿಗೆ ಬೇಕಿದ್ದದ್ದು ನೀರು. ನೀರು ನಿಂತಿತು, ನಡುವೆ ಪುಟ್ಟ ಪುಟ್ಟ ತಿಟ್ಟುಗಳು ಉಳಿದವು, ಹಕ್ಕಿಗಳು ಬಂದು ಕೂತವು. ಉದ್ಘಾಟನೆಗೆ ಯಾರನ್ನೂ ಕರೆಯಲಿಲ್ಲ. ಪಕ್ಷಿತಜ್ಞ ಸಲೀಂ ಅಲಿಯವರು ಒತ್ತಾಯಿಸಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು.

ಇಷ್ಟಾದರೂ ಅಲ್ಲೊಂದು ಗಾಜಿನ ಸೇತುವೆ ಇಲ್ಲ ಅಂದರೆ ನಾಚಿಕೆಯಲ್ವಾ?

ಭಾನುವಾರ ದೋಣಿ ಹತ್ತಿ ನೋಡಿ. ಬಣ್ಣದ ಕೊಕ್ಕರೆಯೊಂದು ಗೂಡಿನ ಮೇಲೆ ಅರ್ಧ ರೆಕ್ಕೆ ಬಿಚ್ಚಿ ನಿಂತಿರುತ್ತದೆ. ಮರಿಗಳಿಗೆ ಬಿಸಿಲು ಬೀಳದಿರಲಿ ಅಂತ. ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟುತ್ತಾರೆ, ಅದು ಹಾರಲಿ ಅಂತ. ರೀಲ್ಸಿಗೆ ನಿಂತ ಹಕ್ಕಿ ಆಗಲ್ಲ.

"ಅಣ್ಣಾ, ಈ ಮೊಸಳೆ ಅಲ್ಲಾಡ್ತಾನೇ ಇಲ್ವಲ್ಲ, ಸಿಮೆಂಟಿಂದಾ?"

"ಕೈ ನೀರ್ಗ್ ಬುಡಿ ಸಾರ್, ಗೊತ್ತಾಯ್ತದೆ" ಅಂತಾನೆ ದೋಣಿಯವ. ಇಲ್ಲಿ ಪರಿಸರ ಶಿಕ್ಷಣ ಕೊಡುತ್ತಿರುವುದು ಅವನೊಬ್ಬನೇ.

ಇನ್ನು ಮಳೆಗಾಲ. ಮೇಲಿನ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಿ 124.80 ಅಡಿ ಮುಟ್ಟಿತು ಅಂದರೆ ನಮಗೆ ಹಬ್ಬ. ಬಾಗಿನ, ಭಾಷಣ, ಫೋಟೋ. ಗೇಟು ಎತ್ತಿ ಜಾಸ್ತಿ ನೀರು ಬಿಟ್ಟರೆ ಕೆಳಗಿನ ತಿಟ್ಟುಗಳು ಮುಳುಗುತ್ತವೆ, ದೋಣಿ ನಿಲ್ಲುತ್ತದೆ. ಆಗ ಟಿಕೆಟ್ ಕೌಂಟರಿನಲ್ಲಿ ಜಗಳ. "ಬೆಂಗಳೂರಿಂದ ಬಂದಿದ್ದೀವಿ ಕಣ್ರೀ, ಒಂದರ್ಧ ಗಂಟೆ ಡ್ಯಾಮ್ ಬಂದ್ ಮಾಡಿಸಕ್ಕಾಗಲ್ವಾ?" ಪ್ರವಾಹ ಇಳಿದ ಮೇಲೆ ಕೊಂಬೆಗಳಲ್ಲಿ ನಮ್ಮೂರಿನ ಕವರುಗಳು ನೇತಾಡುತ್ತವೆ. ಬೆಳ್ಳಕ್ಕಿಗಿಂತ ಬಿಳಿ. ಪಕ್ಷಿ ಗಣತಿಗೆ ಅವನ್ನೂ ಸೇರಿಸಿದರೆ ಸಂತತಿ ಹೆಚ್ಚಿದೆ ಅಂತ ಒಂದು ಪತ್ರಿಕಾ ಪ್ರಕಟಣೆ ಕೊಡಬಹುದು.

ಹಾಗಾಗಿ ನಾನೇ ಡಿಪಿಆರ್ ಬರೆದಿದ್ದೇನೆ. ಮೊದಲಿಗೆ 'ಐ ಲವ್ ರಂಗನತಿಟ್ಟು' ಅಕ್ಷರಗಳು. ಎದುರಿಗೆ ನಿಂತರೆ ನದಿ ಕಾಣಬಾರದು, ಅಷ್ಟು ದೊಡ್ಡವು. ಸಂಜೆ ಲೇಸರ್ ಶೋ. ಬಾವಲಿಗಳು ಹೇಗೂ ಅದೇ ಹೊತ್ತಿಗೆ ಹೊರಡುತ್ತವೆ, ಬೇರೆ ಕಲಾವಿದರ ಖರ್ಚಿಲ್ಲ. ಹಕ್ಕಿಗಳ ದನಿ ಡಿಜೆಗೆ ಸಾಲದು, ಅದಕ್ಕೆ ಸ್ಪೀಕರ್.

ಊಟದ ವಿಷಯ ಸ್ವಲ್ಪ ಕಷ್ಟ. ಪಕ್ಷಿಧಾಮ ಇರುವುದೇ 0.67 ಚದರ ಕಿಲೋಮೀಟರ್. ಹಕ್ಕಿಗಳು ಮಲಗೋದು ಇಲ್ಲಿ, ಹೊಟ್ಟೆಪಾಡಿಗೆ ಮಾತ್ರ ಸುತ್ತಲಿನ ಕೆರೆ, ಗದ್ದೆಗಳಿಗೇ ಹೋಗಬೇಕು. ಬಾಯ್ಕಳಕ ಕೊಕ್ಕರೆಗೆ ಗದ್ದೆಯ ಬಸವನಹುಳವೇ ಆಗಬೇಕು. ಗದ್ದೆಯೋ ಲೇಔಟ್ ಆಗುತ್ತಿದೆ. ಪರವಾಗಿಲ್ಲ, ಲೇಔಟಿನ ಬೋರ್ಡಿನ ಮೇಲೆ ದೊಡ್ಡದಾಗಿ ಕೊಕ್ಕರೆ ಚಿತ್ರ ಬರೆಸಿದರಾಯ್ತು. ಹಳೇ ಗಿರಾಕಿಗಳು ಅಂತ ಒಂದು ಮರ್ಯಾದೆ.

ಯೋಜನಾ ಸಮಿತಿಯಲ್ಲಿ ವನ್ಯಜೀವಿಗಳ ಪರವಾಗಿ ಒಬ್ಬರಿರಬೇಕು ಅಂತ ಯಾರಾದರೂ ತಕರಾರು ತೆಗೆದೇ ತೆಗೆಯುತ್ತಾರೆ. ಮೊಸಳೆಯನ್ನು ಹಾಕಿದ್ದೇನೆ. ಗಂಟೆಗಟ್ಟಲೆ ಬಾಯಿ ತೆರೆದುಕೊಂಡು ಕೂರುತ್ತದೆ, ಒಂದು ಮಾತೂ ಆಡುವುದಿಲ್ಲ. ಸಭೆಯಲ್ಲಿ ಉಳಿದ ಸದಸ್ಯರಿಗೆ ಯಾರೋ ಹೊಸಬರು ಬಂದಿದ್ದಾರೆ ಅಂತ ಅನ್ನಿಸುವುದೂ ಇಲ್ಲ.