ಸಯ್ಯಾಜಿರಾವ್ ರಸ್ತೆಯ ಅಂಗಡಿಸಾಲುಗಳು

ಪೇಟೆಬೀದಿಗಳು ಸೊರಗಿದ್ದಕ್ಕೆ ಮಾಲ್‌ಗಳನ್ನೂ ಮೊಬೈಲ್ ಖರೀದಿಯನ್ನೂ ದೂರುವುದು ರೂಢಿಯಾಗಿದೆ. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ ಎಂದು ನಾನು ನಂಬಿದ್ದೇನೆ.

ಬಟ್ಟೆ, ಪಾತ್ರೆ, ಪುಸ್ತಕಗಳಂತೆ ಡಬ್ಬಿಯಲ್ಲಿಟ್ಟು ಮನೆಗೆ ಕಳುಹಿಸಬಹುದಾದ ಸರಕಿನ ವ್ಯಾಪಾರಕ್ಕೆ ಹೊಡೆತ ಬಿದ್ದಿರುವುದು ಹೌದು. ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಇದೇ ರಸ್ತೆಯ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಎತ್ತರದ ಕಟ್ಟೆಯ ಮೇಲೆ ಕುಳಿತ ಹೂವಿನವರು ಮಲ್ಲಿಗೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಮೊಳ ಹಾಕಿ, ಕೊಸರಿಗೆಂದು ತುಸು ಹೆಚ್ಚೇ ಬಿಟ್ಟು ಕತ್ತರಿಸಿ, ಬಾಳೆಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿಕೊಡುತ್ತಾರೆ. ಹಣಕ್ಕೆ ಪಕ್ಕದಲ್ಲೇ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಹೊಸದನ್ನು ಈ ವ್ಯಾಪಾರಿಗಳು ಬೇಡವೆಂದವರೇ ಅಲ್ಲ.

ಬೀದಿಗೆ ನಿಜವಾದ ಪೆಟ್ಟು ಬಿದ್ದದ್ದು ಕಟ್ಟಡಗಳನ್ನು ಕಾಲಕಾಲಕ್ಕೆ ದುರಸ್ತಿ ಮಾಡದೆ ಬಿಟ್ಟದ್ದರಿಂದ. 2012ರ ಆಗಸ್ಟ್‌ನಲ್ಲಿ ಇದೇ ರಸ್ತೆಯ ಹಳೆಯ ಅಂಗಡಿಸಾಲಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಬಳಸಿದ ಪಠ್ಯಪುಸ್ತಕಗಳನ್ನು ಕಡಿಮೆ ಬೆಲೆಗೆ ಹುಡುಕಿ ಕೊಡುತ್ತಿದ್ದ ಅಲ್ಲಿನ ಅಂಗಡಿಗಳವರು ಜಾಗ ಬಿಡಬೇಕಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ದುರಸ್ತಿ ಮಾಡಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು.

ಈ ವಾದದಲ್ಲಿ ಕಮಾನುಗಳ ಅಂದ, ಪರಂಪರೆ, ಪ್ರವಾಸಿಗರ ಆಕರ್ಷಣೆ ಇವುಗಳ ಬಗ್ಗೆ ಬೇಕಾದಷ್ಟು ಮಾತು ಬಂದಿದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಮಳಿಗೆಯ ಅಳತೆ ಮತ್ತು ಅದು ಇರುವ ಮಟ್ಟ. ಒಂದು ಮೊಳ ಹೂವಿಗೆ, ಒಂದು ಕಟ್ಟು ವೀಳ್ಯದೆಲೆಗೆ, ಒಂದು ಚಿಪ್ಪು ರಸಬಾಳೆಗೆ ಯಾರೂ ಎರಡನೆಯ ಮಹಡಿ ಹತ್ತುವುದಿಲ್ಲ. ಬಸ್ಸಿಳಿದು ನಡೆದು ಹೋಗುವವರ ಕಣ್ಣಿಗೆ ಬಿದ್ದು, ಕೈಗೆ ಎಟುಕಿದರಷ್ಟೇ ಆ ಸರಕು ಖರ್ಚಾಗುತ್ತದೆ, ಸಂಜೆಯೊಳಗೆ ಖರ್ಚಾಗದಿದ್ದರೆ ಬಾಡಿ ಹೋಗುತ್ತದೆ. ಗೋಡೆ ಹಳೆಯದೋ ಹೊಸದೋ ಎಂಬುದಕ್ಕಿಂತ ಮೊದಲು ಇದನ್ನು ಇತ್ಯರ್ಥ ಮಾಡಬೇಕು.

ಆದ್ದರಿಂದ ಯಾವ ನಕ್ಷೆಗೆ ಒಪ್ಪಿಗೆ ಕೊಡುವ ಮೊದಲೂ ಹೂವು, ಎಲೆ, ಹಣ್ಣಿನವರಿಗೆ ನೆಲಮಟ್ಟದಲ್ಲೇ ಸಣ್ಣ ಮಳಿಗೆ ಎಂದು ಬರವಣಿಗೆಯಲ್ಲಿ ಭರವಸೆ ಕೊಡಬೇಕು. ಕೆಲಸವನ್ನು ಸಾಲಿನಿಂದ ಸಾಲಿಗೆ ಮುಗಿಸುತ್ತಾ ಹೋಗಬೇಕು. ಎಲ್ಲರನ್ನೂ ಒಮ್ಮೆಲೇ ದೂರದ ತಾತ್ಕಾಲಿಕ ಶೆಡ್‌ಗಳಿಗೆ ಸಾಗಿಸಿದರೆ, ಕಟ್ಟಡ ಎದ್ದು ನಿಲ್ಲುವ ಹೊತ್ತಿಗೆ ಅವರ ಕಾಯಂ ಗಿರಾಕಿಗಳು ಬೇರೆ ದಾರಿ ಹಿಡಿದಿರುತ್ತಾರೆ.